ಮಣ್ಣು ಮುಚ್ಚುವವರೆಗೆ

ಮಳೆಗಾಲ ಹಿಂದೆ ಸರಿಯುತ್ತಿದ್ದ ದಿನಗಳು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಮುದುಕಿ ಗಂಡನ ಬಲಗಾಲಿನ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದಳು. ಅದು ಬರುತ್ತಿರಲಿಲ್ಲ. ಹಿಂದಿನ ದಿನ ಮುಸ್ಸಂಜೆ ಕರು ಹಾಕುವ ಕೊಟ್ಟಿಗೆಯಲ್ಲಿ, ಹುಲ್ಲಿನ ಮೇಲೆ, ಬೂಟು ಹಾಕಿಕೊಂಡೇ ಅವನು ಸತ್ತಿದ್ದ. ಊಟಕ್ಕೆ ಬರಲಿಲ್ಲವಲ್ಲ ಎಂದು ಹುಡುಕಿಕೊಂಡು ಹೋಗುವಷ್ಟರಲ್ಲಿ ಕಾಲು ಸೆಟೆದಿತ್ತು.

"ಕತ್ತರಿಸಿಬಿಡೋಣ ಅತ್ತಿಗೆ," ಎಂದ ಮೈದುನ. ಅವನು ಲಾರಿ ಡ್ರೈವರು. ಸುದ್ದಿ ತಿಳಿದದ್ದೇ ಸರಕು ಇಳಿಸದೆ ಲಾರಿ ಸಮೇತ ಬಂದಿದ್ದ.

"ಬೇಡ, ಇನ್ನೊಂದ್ಸಲ ಎಳಿ. ಸತ್ತ ಮೇಲೂ ಬೂಟು ಬಿಚ್ಚಲ್ಲ ಅಂತಾರೆ ನೋಡು ನಿಮ್ಮಣ್ಣ. ಎಲ್ಲಿ ಯಾವ ದನ ಕೂಗುತ್ತೋ, ಓಡಬೇಕಲ್ಲ."

ಮೈದುನ ನಗಬೇಕೋ ಬೇಡವೋ ತಿಳಿಯದೆ ಮೂಗು ಒರೆಸಿಕೊಂಡ. ಬೂಟು ಒಮ್ಮೆಲೇ ಕಳಚಿ ಬಂತು. ಮುದುಕಿ ಹಿಂದಕ್ಕೆ ಗೋಡೆಗೆ ಒರಗಿದಳು. ಬೂಟಿನೊಳಗಿನಿಂದ ಸಗಣಿಯ ವಾಸನೆ ಬಂತು, ಐವತ್ತು ವರ್ಷದಿಂದ ಹಾಸಿಗೆಯಲ್ಲಿ ಅವಳ ಪಕ್ಕ ಮಲಗಿದ್ದ ವಾಸನೆ.

ಮಗ ಬಾಗಿಲಲ್ಲಿ ನಿಂತಿದ್ದ. ಪಟ್ಟಣದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಪ್ಪನ ದನಗಳಿಗೂ ಅವನಿಗೂ ಮೊದಲಿನಿಂದ ಎಣ್ಣೆ ಸೀಗೇಕಾಯಿ.

"ಬಾ ಇಲ್ಲಿ," ಎಂದಳು ಮುದುಕಿ. "ನಿನ್ನ ಹತ್ರ ಒಂದು ಮಾತು ಕೇಳ್ತೀನಿ. ನಡೆಸಿಕೊಡಬೇಕು."

"ಹೇಳಮ್ಮ."

"ಇವತ್ತೊಂದು ದಿನ ಈ ಮನೇಲಿ ದನದ ಮಾತು ಬೇಡ. ಮಣ್ಣು ಮುಚ್ಚೋವರೆಗೂ ಒಬ್ಬರೂ ಎದ್ದು ಹೋಗಬಾರದು. ಹಾಲು, ಮೇವು, ಕರು, ಏನೇ ಇರಲಿ. ಅವರು ಹುಟ್ಟಿದಾಗಿಂದ ಒಂದು ಕಡೆ ಕೂತವರಲ್ಲ. ಇವತ್ತು ಕೂರಲಿ. ನಾವೂ ಕೂರೋಣ."

"ದೊಡ್ಡಿ ಬಾಗಿಲು ತೆಗೆಯೋದೇ ಬೇಡ ಅಂತೀನಿ," ಎಂದ ಮಗ. ಆ ಮಾತು ಅವನಿಗೆ ಹಿಡಿಸಿತು. ತಾನೇ ಹೋಗಿ ದೊಡ್ಡಿಯ ಗೇಟಿಗೆ ಅಗುಳಿ ಹಾಕಿ, ಮೇಲೆ ಸರಪಳಿಯನ್ನೂ ಸುತ್ತಿ ಬಂದ.

*

ಹೊತ್ತು ಏರಿದಂತೆ ಜನ ಸೇರಿದರು. ಅಂಗಳದಲ್ಲಿ ತಗಡಿನ ಕುರ್ಚಿಗಳು ಒದ್ದೆಯಾಗಿದ್ದವು. ಹಾಲಿನ ವ್ಯಾನಿನವನು ಒಂದು ಕುರ್ಚಿ ಒರೆಸಿಕೊಂಡು ಕೂತ.

"ಇವರ ಮದುವೆ ದಿನದ ಕಥೆ ಗೊತ್ತಾ?" ಎಂದಳು ಬೇಲಿಯಾಚೆ ಮನೆಯ ಅಕ್ಕ. "ಊಟಕ್ಕೆ ಕೂತೋನು ಎದ್ದು ಹೋದ. ಹಸು ಕೆಸರಲ್ಲಿ ಹೂತಿದೆ ಅಂತ. ಮದುಮಗಳು ಒಬ್ಬಳೇ ಎಲೆ ಮುಂದೆ."

"ಹೊಸ ಬಟ್ಟೇಲೇ ಇಳಿದ್ನಾ ಕೆಸರಿಗೆ?"

"ಅಷ್ಟು ಬುದ್ಧಿ ಇತ್ತು. ಬಿಚ್ಚಿ ಬೇಲಿ ಮೇಲೆ ಹಾಕಿದ್ದ. ಅದನ್ನ ಕರು ತಿಂತು."

ಅಂಗಳದಲ್ಲಿ ನಗು ಎದ್ದಿತು. ಒಳಗೆ ಹೆಣದ ತಲೆಯ ಬಳಿ ಕೂತಿದ್ದ ಮುದುಕಿಗೂ ಕೇಳಿಸಿತು. ಅವಳು ನಗಲಿಲ್ಲ, ಬೇಸರವನ್ನೂ ಪಡಲಿಲ್ಲ. ಅದು ನಿಜವಾದ ಕಥೆ. ಎಲ್ಲರೂ ಹೇಳಬಹುದಾದ ಕಥೆ. ಯಾರೂ ಹೇಳದ ಕಥೆ ಇನ್ನೊಂದಿತ್ತು.

*

ಮೊದಲು ಹುಟ್ಟಿದ್ದು ಹೆಣ್ಣು. ನಡೆಯಲು ಕಲಿತಿತ್ತು, ಅಪ್ಪನ ಹಿಂದೆ ದೊಡ್ಡಿಗೆ ಓಡುತ್ತಿತ್ತು. ಒಂದು ಚಳಿಗಾಲ ಜ್ವರ ಬಂತು, ಗಂಟಲು ಕಟ್ಟಿತು, ಹೋಯಿತು. ದೊಡ್ಡಿಯ ಹಿಂದಿನ ದಿಬ್ಬದ ಮೇಲೆ ಗುಂಡಿ ತೋಡಿದರು. ಸಣ್ಣ ಗುಂಡಿ. ಅಪ್ಪನೇ ಮಗುವನ್ನು ಎತ್ತಿಕೊಂಡು ದಿಬ್ಬ ಹತ್ತಿದ್ದ.

ಕೆಳಗಿನಿಂದ ಆಳು ಕೂಗಿದ. ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿದೆ, ಕಾಲು ಮಾತ್ರ ಹೊರಗೆ ಬಂದಿದೆ ಎಂದು.

ಅವನು ಮಗುವನ್ನು ಹೆಂಡತಿಯ ಕೈಗೆ ಕೊಟ್ಟ. ಅವಳ ಮುಖ ನೋಡಲಿಲ್ಲ. ಅಂಗಿಯ ತೋಳು ಮಡಚಿಕೊಳ್ಳುತ್ತ ಇಳಿದು ಹೋದ. ಅವಳು ದಿಬ್ಬದ ಮೇಲಿನಿಂದ ಗಂಟಲು ಹರಿಯುವ ಹಾಗೆ ಕೂಗಿದಳು. ಗಾಳಿ ಅವನ ಕಡೆಗೇ ಬೀಸುತ್ತಿತ್ತು. ಅವನು ತಿರುಗಲಿಲ್ಲ. ಕಾದರು, ಮತ್ತೂ ಕಾದರು. ಕೊನೆಗೆ ಹಿರಿಯರು, ಆಯಿತಮ್ಮ, ಕೊಡು ಎಂದರು.

ಅವನು ಬಂದಾಗ ಎಲ್ಲ ಮುಗಿದಿತ್ತು. ಮೊಣಕೈವರೆಗೂ ರಕ್ತ. ಕರು ಬದುಕಿತ್ತು. ಅಷ್ಟು ಜೋರಾಗಿ ಕೂಗಿದೆನಲ್ಲ, ಕೇಳಿಸಲಿಲ್ಲವಾ ಎಂದು ಅವಳು ಕೇಳಿದಳು. ಅವನು ಕೈ ತೊಳೆಯಲು ಇಳಿದು ಹೋದ. ಅಂದಿನಿಂದ ಅವಳು ಅಡುಗೆ ಮಾಡಿ ಹಾಕಿದಳು, ಇನ್ನೊಂದು ಮಗು ಹೆತ್ತಳು, ರಾತ್ರಿ ದೀಪ ಹಿಡಿದು ಅವನ ಜೊತೆ ಕೊಟ್ಟಿಗೆಗೆ ಹೋದಳು. ಆ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಮರೆಯಲೂ ಇಲ್ಲ.

*

ಹೊತ್ತು ನೆತ್ತಿಗೆ ಬರುವಾಗ ದೊಡ್ಡಿಯಲ್ಲಿ ಕೂಗು ಜೋರಾಯಿತು. ದಿನವೂ ಬೆಳಗಾಗುವ ಮೊದಲೇ ಯಜಮಾನ ಒಣಹುಲ್ಲು ಹಾಕಿ, ಅವು ಅದನ್ನು ತಿಂದ ಮೇಲೆಯೇ ಹುಲ್ಲುಗಾವಲಿಗೆ ಬಿಡುತ್ತಿದ್ದ. ಇವತ್ತು ಒಣಹುಲ್ಲೂ ಇಲ್ಲ, ನೀರೂ ಇಲ್ಲ. ಹಸುಗಳು ಬೇಲಿಗೆ ಎದೆ ಕೊಟ್ಟು ತಳ್ಳುತ್ತಿದ್ದವು.

ಮೈದುನನಿಗೆ ಆ ಕೂಗನ್ನು ಕೇಳಿಕೊಂಡಿರಲಾಗಲಿಲ್ಲ. ಅವನು ಹುಟ್ಟಿದ್ದು ಇದೇ ಮನೆಯಲ್ಲಾದರೂ ಬೆಳೆದದ್ದು ರಸ್ತೆಯ ಮೇಲೆ. ಬೀಡಿ ಸೇದುವ ನೆಪದಲ್ಲಿ ಹಿಂದಕ್ಕೆ ಹೋದ. ಸರಪಳಿ ಸುತ್ತಿದ ಮುಂದಿನ ಗೇಟು ಬಿಟ್ಟು ಹಿಂದಿನ ಸಣ್ಣ ಗೇಟು ತೆಗೆದ. ಅದರಾಚೆ ಕುದುರೆಮೆಂತೆಯ ಮೇವಿನ ಹೊಲ. ಕೊಯ್ದು, ಒಣಗಿಸಿ, ಬೇಸಿಗೆಗೆ ಹಾಕಲೆಂದು ಬೆಳೆಸಿದ್ದು. ಎಳೆಯದು, ದಟ್ಟ ಹಸಿರು, ತುಂತುರಿನಲ್ಲಿ ನೆಂದಿತ್ತು.

"ಹೋಗಿ, ತಿನ್ನಿ," ಎಂದ. "ನೀವಾದ್ರೂ ಉಣ್ಣಿ."

ಪುಣ್ಯದ ಕೆಲಸ ಮಾಡಿದೆನೆಂದುಕೊಂಡು ಬಂದು ಚಟ್ಟಕ್ಕೆ ಹೆಗಲು ಕೊಟ್ಟ.

ಹೆಣವನ್ನು ದಿಬ್ಬದ ಮೇಲಕ್ಕೆ ಹೊತ್ತರು. ಮಗಳ ಪಕ್ಕದಲ್ಲೇ ಜಾಗ. ಗುಂಡಿ ತೋಡುವವನು ಮಂಡಿಯವರೆಗೆ ಕೆಸರಾಗಿ ನಿಂತಿದ್ದ. "ಬೇಗ ಆಗಲಿ," ಎಂದ. "ಅಡಿಯಿಂದ ನೀರು ಜಿನುಗ್ತಿದೆ. ಪಕ್ಕದ ಮಣ್ಣು ನಿಲ್ಲಲ್ಲ."

ಮುದುಕಿ ಹೆಣದ ಪಕ್ಕ ನಿಂತಳು. ಆಗ ಸೊಸೆ, "ಅದ್ಯಾಕೆ ಆ ಹಸು ಹಾಗೆ ಮಲಗ್ತು?" ಎಂದಳು.

ಎಲ್ಲರೂ ಕೆಳಗೆ ನೋಡಿದರು. ಹಸಿರು ಹೊಲದ ತುಂಬ ಹಿಂಡು ಚದುರಿತ್ತು. ಒಂದು ಹಸು ಬಿದ್ದಿತ್ತು, ನಾಲ್ಕೂ ಕಾಲು ಕೋಲಿನಂತೆ ಚಾಚಿ. ಮತ್ತೊಂದು ನಾಲಗೆ ಹೊರಹಾಕಿ ಕತ್ತು ನೀಡಿ ನಿಂತಿತ್ತು. ಹೊಟ್ಟೆ ನಗಾರಿಯಾಗಿತ್ತು.

"ಉಬ್ಬರ," ಎಂದ ಹಾಲಿನ ವ್ಯಾನಿನವನು. "ಖಾಲಿ ಹೊಟ್ಟೇಲಿ ಒದ್ದೆ ಕುದುರೆಮೆಂತೆ ತಿಂದಿದಾವೆ, ಗಾಳಿ ತುಂಬ್ಕೊಂಡಿದೆ. ಯಾರಪ್ಪಾ ಬಿಟ್ಟಿದ್ದು?"

ಮೈದುನ ಕೆಳಗಿನ ಸಣ್ಣ ಗೇಟಿನ ಕಡೆ ನೋಡಿದ. "ಹಸಿದಿದ್ವು..." ಎಂದ.

ಮಗ ದನದ ಡಾಕ್ಟರಿಗೆ ಫೋನು ಮಾಡಿದ. ಬರುವುದು ಸಂಜೆಯಾಗುತ್ತದಂತೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರು ಇಳಿಯಲು ಹೆಜ್ಜೆ ಹಾಕಿದರು.

"ನಿಲ್ಲಿ," ಎಂದಳು ಮುದುಕಿ. "ಯಾರೂ ಹೋಗಬೇಡಿ. ಇವರನ್ನ ಮೊದಲು ಇಳಿಸಿ."

ಅವರು ನಿಂತರು. ಹಗ್ಗ ಸರಿಮಾಡತೊಡಗಿದರು. ಕೆಳಗೆ ಇನ್ನೊಂದು ಹಸು ಮಂಡಿಯೂರಿತು. ಅದು ಕೂಗಲಿಲ್ಲ. ಕೂಗಲು ಅದಕ್ಕೆ ಉಸಿರೇ ಇರಲಿಲ್ಲ. ಮುದುಕಿ ಗಂಡನ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅಮ್ಮಾ, ಎಲ್ಲಿಗೆ?"

ಅವಳು ಆಗಲೇ ಇಳಿಯುತ್ತಿದ್ದಳು. ಆ ವಯಸ್ಸಿನಲ್ಲಿ ಅವಳು ಹಾಗೆ ಓಡಿದ್ದನ್ನು ಯಾರೂ ಕಂಡಿರಲಿಲ್ಲ.

ಕೊಟ್ಟಿಗೆಯ ಗೋಡೆಯಿಂದ, ಗಂಡ ಉಬ್ಬರ ಬಿಡಿಸುತ್ತಿದ್ದ ಚೂಪು ಮೊನೆಯ ಉಕ್ಕಿನ ಕೊಳವೆ ತಂದಳು. ಬಿದ್ದ ಮೊದಲ ಹಸುವನ್ನು ಮುಟ್ಟಿ ನೋಡಿ ಬಿಟ್ಟಳು. ಎರಡನೆಯದರ ಎಡಪಕ್ಕೆಯ ಹಿಂದೆ ಅಂಗೈ ಇಟ್ಟು, ಜಾಗ ಹುಡುಕಿ, ಮೈಯ ಭಾರವನ್ನೆಲ್ಲ ಹಾಕಿ ಚುಚ್ಚಿದಳು. ಗಾಳಿ ಬುಸ್ಸೆಂದು ಬಂತು. ಜೊತೆಗೆ ಹಸಿರು ನೊರೆ ಮುಖಕ್ಕೆ ಚಿಮ್ಮಿತು. ಒರೆಸಿಕೊಳ್ಳದೆ ಇನ್ನೊಂದರ ಕಡೆ ಹೋದಳು. ಮಳೆ ಬಲವಾಯಿತು.

ದಿಬ್ಬದ ಮೇಲಿನಿಂದ ಮಗ ಕೂಗಿದ. "ಅಮ್ಮಾ! ಮಣ್ಣು ಕುಸೀತಿದೆ! ಬಾ!"

ಅವಳು ಕೆಂದು ಹಸುವಿನ ಕೊಂಬು ಹಿಡಿದಿದ್ದಳು. ತುಂಬು ಗಬ್ಬದ ಹಸು.

"ಅಮ್ಮಾ!"

ಅವಳು ಚುಚ್ಚಿದಳು.

*

ಮೇಲೆ ಹತ್ತಿ ಬಂದಾಗ ಗುಂಡಿ ತೋಡುವವನು ಸಲಿಕೆಯ ಬೆನ್ನಿನಿಂದ ಮಣ್ಣು ತಟ್ಟುತ್ತಿದ್ದ. ಜನ ಕೊಡೆ ಹಿಡಿದು ಇಳಿಯುತ್ತಿದ್ದರು. ಅವಳಿಗೆ ದಾರಿ ಬಿಟ್ಟರು. ಮಗ ನೆನೆದುಕೊಂಡು ನಿಂತಿದ್ದ.

"ಕಾದೆ," ಎಂದ. "ಒಂದು ಕಡೆ ಪೂರ್ತಿ ಜಾರಿಬಿಡ್ತು. ಎಷ್ಟು ಕೂಗಿದೆ ಅಮ್ಮ. ಕೇಳಿಸ್ಲಿಲ್ವಾ?"

"ಕೇಳಿಸ್ತು."

ಮಗ ಅವಳನ್ನೇ ನೋಡಿದ. ಬೆಳಗ್ಗೆ ತನ್ನಿಂದ ಮಾತು ತೆಗೆದುಕೊಂಡವಳು ಇವಳೇ ಏನು ಎಂಬಂತೆ.

"ಮತ್ತೆ?"

"ಇನ್ನೊಂದು ಹಸು ಬಾಕಿ ಇತ್ತು," ಎಂದಳು.

ಅಷ್ಟು ಹೇಳಿ ಒದ್ದೆ ಮಣ್ಣಿನ ಪಕ್ಕ ಕೂತಳು. ಯಾರೋ ಕೊಡೆ ಹಿಡಿಯಲು ಬಂದರು. ಬೇಡವೆಂದು ತಲೆ ಆಡಿಸಿದಳು.

ಅದು ಗುರುವಾರ. ಶುಕ್ರವಾರ ಸತ್ತ ಹಸುಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಹಳ್ಳದ ಬದಿಯಲ್ಲಿ ಹೂತರು. ಮೈದುನ ಒಬ್ಬನೇ ಅಷ್ಟೂ ಗುಂಡಿ ತೋಡಿದ, ಯಾರಿಗೂ ಸಲಿಕೆ ಕೊಡಲಿಲ್ಲ. ಶನಿವಾರ ಅವನು ಲಾರಿ ಹತ್ತಿದ. ಅತ್ತಿಗೆಗೆ ಹೇಳಿ ಹೋಗುವ ಧೈರ್ಯವಾಗಲಿಲ್ಲ.

"ಎಲ್ಲಾ ಮಾರಿ ನಮ್ಮ ಜೊತೆ ಬಾ," ಎಂದು ಮಗ ಹೇಳಿ ನೋಡಿದ. "ಇವು ನಿನ್ನ ಜೀವ ತಿಂದಿದ್ದು ಸಾಲ್ದಾ?"

"ಕೆಂದು ಇವತ್ತೋ ನಾಳೆಯೋ ಕರು ಹಾಕುತ್ತೆ," ಎಂದಳು. "ಆಮೇಲೆ ನೋಡೋಣ."

ಭಾನುವಾರ ಬೆಳಗ್ಗೆ ಮಗ ಸೊಸೆ ಹೊರಟರು. ಗೇಟಿನ ಹತ್ತಿರ ಮಗ ಕಾರು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ಅಮ್ಮನನ್ನು ಕರೆದ. ಮುದುಕಿ ದೊಡ್ಡಿಯಲ್ಲಿ, ಹಸುಗಳ ನಡುವೆ, ಬೆನ್ನು ತಿರುಗಿಸಿ ನಿಂತಿದ್ದಳು. ಒಂದು ಕೈ ಕೆಂದು ಹಸುವಿನ ಹೊಟ್ಟೆಯ ಮೇಲಿತ್ತು. ಒಳಗಿನ ಮಿಸುಕಾಟಕ್ಕೆ ಬೆರಳುಗಳನ್ನು ಅಗಲಿಸಿದ್ದಳು. ಮಗ ಇನ್ನೊಮ್ಮೆ ಕರೆಯಲಿಲ್ಲ. ಕಾರು ರಸ್ತೆಗೆ ತಿರುಗಿತು.