ಉಳವಿಯ ಗುತ್ಯಪ್ಪ ಔಟಾದದ್ದು

ಆ ಆಟದ ನಿಯಮದ ಪುಸ್ತಕ ಎರಡು ತಾಲ್ಲೂಕಿಗೂ ಸೇರಿ ಒಂದೇ ಇತ್ತು. ಅದು ನನ್ನ ಟ್ರಂಕಿನಲ್ಲಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಪರವಾಗಿ ನೆಪ ಹುಡುಕುವುದು ಬೇಡ.

ನಾನು ಗಂಗಾಧರಪ್ಪ. ಶಿಕಾರಿಪುರ ಮತ್ತು ಸೊರಬದ ಯುವಕ ಸಂಘಗಳಿಗೆ ಆಟ ಕಲಿಸುವುದು ನನ್ನ ಕೆಲಸ. ನಾಲ್ಕು ವರ್ಷದಿಂದ ಹಂಗಾಮಿ. ಪ್ರತಿ ಮಾರ್ಚಿನಲ್ಲೂ ಮುಂದಿನ ವರ್ಷದ ಆರ್ಡರು ಬರುತ್ತದೋ ಇಲ್ಲವೋ ಎಂದು ಹೆಂಡತಿ ಯಮುನಮ್ಮ ಹರಕೆ ಹೊರುತ್ತಿದ್ದಳು, ನಾನು ನಮ್ಮ ಇಲಾಖೆಯ ಸಾಹೇಬರ ಮನೆ ಬಾಗಿಲು ಕಾಯುತ್ತಿದ್ದೆ.

ಮದ್ರಾಸಿನಲ್ಲಿ ಟ್ರೈನಿಂಗ್ ಮಾಡುವಾಗ ಅಮೆರಿಕದ ಮೇಷ್ಟ್ರೊಬ್ಬರು ನಮಗೆ ಬೇಸ್‌ಬಾಲ್ ಕಲಿಸಿದ್ದರು. ಅವರ ದೇಶದಲ್ಲಿ ಕಾಲೇಜು ಹುಡುಗರು ಚಳಿ ಕಳೆದದ್ದೇ ಶುರುಮಾಡಿ ತಿಂಗಳುಗಟ್ಟಲೆ ಊರೂರು ತಿರುಗಿ ಆಡುತ್ತಾರಂತೆ. ಕೊನೆಗೆ ಗೆದ್ದವರೆಲ್ಲ ಒಂದು ಊರಿನಲ್ಲಿ ಸೇರಿ ಚಾಂಪಿಯನ್ ಯಾರೆಂದು ತೀರ್ಮಾನ ಮಾಡುತ್ತಾರಂತೆ. ನಮ್ಮಲ್ಲೂ ಯಾಕಾಗಬಾರದು ಎನ್ನುವ ಹುಚ್ಚು ನನಗೆ ಹತ್ತಿತು. ೧೯೫೮ರಲ್ಲಿ ಸುಗ್ಗಿ ಮುಗಿದದ್ದೇ ಶಿಕಾರಿಪುರ, ಬಂದಳಿಕೆ, ಹೊಸಬಾಳೆ, ಉಳವಿ ಅಂತ ನಾಲ್ಕು ತಂಡ ಕಟ್ಟಿದೆ. ಕೊಯ್ದ ಗದ್ದೆಯೇ ಮೈದಾನ. ಬ್ಯಾಟು ನಮ್ಮೂರ ಬಡಗಿಯದು, ಚರ್ಮದ ಚೆಂಡು ಮದ್ರಾಸಿನದು.

ಬೇಸ್ ಎಂದರೆ ಯಾರ ತಲೆಗೂ ಹೋಗಲಿಲ್ಲ. ‘ಮನೆ’ ಎಂದೆ, ಹೋಯಿತು. ನಾಲ್ಕು ಮನೆ ಸುತ್ತಿ ಬಂದರೆ ಒಂದು ರನ್. ಎಲ್ಲ ಕಲಿತರು, ಒಂದನ್ನು ಬಿಟ್ಟು. ಓಡುವವನನ್ನು ಔಟ್ ಮಾಡಬೇಕಾದರೆ ಚೆಂಡನ್ನು ಕೈಯಲ್ಲಿ ಹಿಡಿದು ಅವನಿಗೆ ಮುಟ್ಟಿಸಬೇಕು. ಇವರೋ, ಚಡ್ಡಿ ಹಾಕುವ ಮೊದಲೇ ಲಗೋರಿ ಆಡಿದವರು. ಲಗೋರಿಯಲ್ಲಿ ಓಡುವವನ ಬೆನ್ನಿಗೆ ಚೆಂಡು ಬೀಸಿದರಾಯಿತು, ತಾಗಿದವನು ಔಟ್. ಅದು ಬಟ್ಟೆ ಚೆಂಡು, ಇದು ಕಲ್ಲಿನಂಥದ್ದು. “ಹೊಡೀಬ್ಯಾಡ್ರೋ, ಮುಟ್ಟಿಸ್ರೋ!” ಎಂದು ಎರಡು ತಿಂಗಳು ಗಂಟಲು ಹರಿದುಕೊಂಡೆ. ಪೆಟ್ಟಾಗುತ್ತದೆಂದು ತಡೆಯುತ್ತಿದ್ದೇನೆ ಎಂದುಕೊಂಡರೇ ಹೊರತು, ತಾಗಿದರೆ ಔಟೇ ಅಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಆಟ ಬಿಸಿಯಾದರೆ ಸಾಕು, ಕೈ ತನ್ನಷ್ಟಕ್ಕೇ ಲಗೋರಿಗೆ ಹೋಗುತ್ತಿತ್ತು.

ಸಾಹೇಬರು ಶಿಕಾರಿಪುರದ ಅಭಿಮಾನಿ. “ಚಾಂಪಿಯನ್ ಕಪ್ಪು ನಮ್ಮೂರಿಗೆ ಬರ್ಲಿ ಗಂಗಾಧರಪ್ಪ, ನಿಮ್ಮನ್ನ ಕಾಯಂ ಮಾಡೋಕೆ ನಾನೇ ಬರೀತೀನಿ” ಎಂದಿದ್ದರು. ಆ ಮಾತು ಕೇಳಿ ಯಮುನಮ್ಮ ಅವತ್ತು ಹೋಳಿಗೆ ಮಾಡಿದಳು.

ಫೈನಲ್ಲು ಸೊರಬದಲ್ಲಿ, ಶಿಕಾರಿಪುರಕ್ಕೂ ಉಳವಿಗೂ. ಅಂಪೈರ್ ಸದಾಶಿವಪ್ಪ ವಾಲಿಬಾಲ್ ಬಲ್ಲವರು, ಈ ಆಟವನ್ನು ಅವತ್ತು ಬೆಳಿಗ್ಗೆಯಷ್ಟೇ ನನ್ನಿಂದ ಕೇಳಿ ತಿಳಿದವರು. ಕೊನೆಯ ಪಾಳಿ ಉಳವಿಯದು. ಇಬ್ಬರು ಔಟಾಗಿದ್ದರು, ಮೂರನೆಯವನು ಔಟಾದರೆ ಆಟ ಮುಗಿಯಿತು. ರನ್ನು ಏಳಕ್ಕೆ ಏಳು. ಸಮವಾದರೆ ಸೀಸನ್ನಿನಲ್ಲಿ ಹೆಚ್ಚು ಪಂದ್ಯ ಗೆದ್ದ ಶಿಕಾರಿಪುರಕ್ಕೇ ಕಪ್ಪು ಎಂದು ಮೊದಲೇ ಗೊತ್ತುಮಾಡಿದ್ದೆವು. ಉಳವಿಗೆ ಇನ್ನೊಂದು ರನ್ನು ಬೇಕಿತ್ತು. ಅದನ್ನು ತರಲು ಮೂರನೇ ಮನೆಯಿಂದ ಗುತ್ಯಪ್ಪ ಓಡಿದ.

ಗುತ್ಯಪ್ಪನಂಥ ಇನ್ನೊಬ್ಬ ಓಟಗಾರನನ್ನು ನಾನು ಕಂಡಿಲ್ಲ. ಚೆಂಡು ಶಿಕಾರಿಪುರದ ಮಲ್ಲಿಕಾರ್ಜುನಪ್ಪನ ಕೈಯಲ್ಲಿತ್ತು. ಕೊನೆ ಮನೆ ಕಾಯುವವನಿಗೆ ಅದನ್ನು ಎಸೆಯಬೇಕಿತ್ತು. ಎಸೆಯಲಿಲ್ಲ, ಗುತ್ಯಪ್ಪನನ್ನೇ ಗುರಿ ಹಿಡಿದು ಬೀಸಿದ. ಬೆನ್ನಿಗೆಂದು ಬಿಟ್ಟ ಚೆಂಡು ಎಡಗಿವಿಗೆ ಬಡಿಯಿತು. ಗುತ್ಯಪ್ಪ ಮುಗ್ಗರಿಸಿ ಬಿದ್ದ. ಚೆಂಡು ಉರುಳಿ ಗದ್ದೆಯ ಬದುವಿನ ಆಚೆ ಹೋಯಿತು.

“ಔಟ್!” ಎಂದು ಜನವೆಲ್ಲ ಕೂಗಿತು. ಉಳವಿಯವರೂ ತಲೆ ಮೇಲೆ ಕೈ ಹೊತ್ತರು. ಎಲ್ಲರೂ ಲಗೋರಿಯವರೇ ಅಲ್ಲವೇ! ಚೆಂಡು ತರಲು ಒಬ್ಬನೂ ಓಡಲಿಲ್ಲ.

ಗುತ್ಯಪ್ಪ ಅಂಗೈ ಊರಿ ಎದ್ದ. ಕಿವಿಯಿಂದ ರಕ್ತ ಕತ್ತಿಗಿಳಿಯುತ್ತಿತ್ತು. ಕೊನೆ ಮನೆ ಅವನ ಎದುರಿಗೇ ಇತ್ತು. ಅವನು ಅದನ್ನು ನೋಡಲಿಲ್ಲ, ನನ್ನನ್ನು ನೋಡಿದ.

“ಔಟಾ, ಮೇಷ್ಟ್ರೇ?”

ಸದಾಶಿವಪ್ಪನವರೂ ನನ್ನ ಕಡೆ ತಿರುಗಿದರು. “ಏನ್ರೀ, ಔಟೇ ತಾನೇ?” ಕುರ್ಚಿಯಲ್ಲಿ ಕೂತಿದ್ದ ಸಾಹೇಬರು ಆಗಲೇ ಎದ್ದು ಚಪ್ಪಾಳೆ ತಟ್ಟುತ್ತಿದ್ದರು.

“ಔಟ್” ಎಂದೆ.

ಏಪ್ರಿಲಿನಲ್ಲಿ ಕಾಯಂ ಆರ್ಡರು ಬಂತು. ಅದೇ ತಿಂಗಳು, ಗುತ್ಯಪ್ಪನ ಎಡಗಿವಿ ಇನ್ನು ಕೇಳುವುದಿಲ್ಲ ಎಂದು ಶಿವಮೊಗ್ಗದಲ್ಲಿ ಡಾಕ್ಟರು ಹೇಳಿದರಂತೆ, ಆ ಸುದ್ದಿಯೂ ಬಂತು. ಯಮುನಮ್ಮ ಆರ್ಡರನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ನನಗೆ ಅವತ್ತು ಊಟ ಸೇರಲಿಲ್ಲ. ಏನಾಯಿತೆಂದು ಕೇಳಿದಳು, ಹೊಟ್ಟೆ ಸರಿಯಿಲ್ಲ ಎಂದೆ. ಹೇಡಿ ನಾನು, ಹೆಂಡತಿಗೂ ಹೇಳಲಿಲ್ಲ.

ಮುಂದಿನ ಸುಗ್ಗಿ ಮುಗಿದ ಮೇಲೆ ಉಳವಿಗೆ ಹೋಗಲೇಬೇಕಾಯಿತು, ಹೊಸ ಸೀಸನ್ನಿಗೆ ತಂಡ ಕಟ್ಟುವುದು ನನ್ನ ಕೆಲಸವಲ್ಲವೇ. ಬಸ್ಸಿಳಿದು ನೋಡಿದರೆ ಗದ್ದೆಯಲ್ಲಿ ಆಟ ನಡೆದಿತ್ತು. ಕಲಿಸುತ್ತಿದ್ದವನು ಗುತ್ಯಪ್ಪನೇ.

“ಓಡೋನ್ ಬೆನ್ನಿಗೆ ಬೀಸ್ರೋ! ತಾಗಿದ್ರೆ ಔಟು. ಪುಸ್ತಕ ಓದಿದ ಮೇಷ್ಟ್ರೇ ಹೇಳಿದ್ದು!”

ಚರ್ಮದ ಚೆಂಡು ಯಾವನೋ ಒಬ್ಬನ ಭುಜಕ್ಕೆ ಬಡಿದ ಸದ್ದು ರಸ್ತೆಗೆ ಕೇಳಿಸಿತು. ಇನ್ನೊಬ್ಬನ ಕಣ್ಣೋ ಕಿವಿಯೋ ಹೋಗುವ ತನಕ ಕಾಯಬೇಕೇ? ಓಡಿಹೋಗಿ ಚೆಂಡು ಕಿತ್ತುಕೊಂಡೆ.

“ಬನ್ನಿ ಮೇಷ್ಟ್ರೇ, ಯಾವಾಗ ಬಂದ್ರಿ? ಅವ್ವ ನಿಮ್ಮನ್ನ ಕೇಳ್ತಿರ್ತಾಳೆ” ಎಂದು ಗುತ್ಯಪ್ಪ ನಗುತ್ತಾ ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ನಿಂತ. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

“ಗುತ್ಯಪ್ಪ, ಹಿಂಗೆ ಹೊಡಿಸಬೇಡ. ಚೆಂಡು ತಾಗಿದ್ರೆ ಔಟಲ್ಲ. ಆವತ್ತು ನೀನು ಔಟಾಗಿರ್ಲಿಲ್ಲ.”

ಅವನ ನಗು ಕೂಡಲೇ ಹೋಗಲಿಲ್ಲ.

“ತಾಗಿದ್ರೂ?”

“ತಾಗಿದ್ರೂ. ನೀನು ಎದ್ದು ಮನೆ ಮುಟ್ಟಿದ್ರೆ ಕಪ್ಪು ನಿಮ್ಮದಾಗ್ತಿತ್ತು.”

“ಆಗ್ಲೇ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

ಹುಡುಗರೆಲ್ಲ ಸುತ್ತ ಬಂದು ನಿಂತಿದ್ದರು. ನನ್ನ ಕೆಲಸ, ಸಾಹೇಬರು, ಯಮುನಮ್ಮ ಎಂದೆಲ್ಲ ಏನೇನೋ ಹೇಳಲು ಹೊರಟೆ. ಗುತ್ಯಪ್ಪ ಕೈ ಎತ್ತಿ ತಡೆದ.

“ಕಿವಿ ಹೋದದ್ದು ಬಿಡಿ ಮೇಷ್ಟ್ರೇ, ಅದು ಆಟದಾಗೆ ಆದದ್ದು” ಎಂದ. ಆಮೇಲೆ ಕೊನೆ ಮನೆಯ ಕಡೆ ನೋಡಿದ. “ಎರಡೇ ಹೆಜ್ಜೆ ಇತ್ತು. ನೀವು ಒಂದು ಮಾತು ಹೇಳಿದ್ರೆ ತೆವಳ್ಕಂಡಾದ್ರೂ ಹೋಗಿರ್ತಿದ್ನಲ್ಲ.”