ಅಕ್ಕ ಗೊತ್ತುಮಾಡಿದ ಗುಂಡಿ

“ಬೆಳಿಗ್ಗೆ ಹೇಳಿದ್ದು ಬಿಡಿ. ಅಪ್ಪನ ಪಕ್ಕ ಬೇಡ, ಅಜ್ಜಿ ಪಕ್ಕ ತೋಡಿ,” ಎಂದು ಸ್ಮಶಾನದವನಿಗೆ ಹೇಳಿದ ಅಕ್ಕನ ಮಗ, ಫೋನನ್ನು ಅಂಗೈಯಿಂದ ಮುಚ್ಚಿಕೊಂಡು ತಿರುಗಿದ. “ಚಿಕ್ಕಮ್ಮ, ಅಮ್ಮ ನಿಜವಾಗ್ಲೂ ಹಾಗಂದ್ಲಾ?”

“ಅಂದ್ಲು ಕಣೋ. ಗುರುವಾರ, ಊಟಕ್ಕೆ ಕೂತಾಗ. ಕಿವಿಯಾರೆ ಕೇಳಿದೀನಿ.”

ಅಪ್ಪನ ಸಮಾಧಿಯ ಪಕ್ಕದ ಜಾಗವನ್ನು ಅವನು ಒಂಬತ್ತು ವರ್ಷದಿಂದ ಅಮ್ಮನಿಗೆಂದೇ ಉಳಿಸಿದ್ದ. ಅವನ ಮುಖ ನೋಡಲಾಗದೆ ತಂಗಿ ಅಕ್ಕನ ಹೊಲಿಗೆ ಯಂತ್ರದ ಧೂಳು ಒರೆಸಿದಳು. ಧೂಳೇ ಇರಲಿಲ್ಲ. ನಲವತ್ತು ವರ್ಷ ಕೋಟು ಹೊಲಿದ ಅಕ್ಕ ಶನಿವಾರ ಬೆಳಿಗ್ಗೆ ಏಳಲೇ ಇಲ್ಲ.

“ಇಷ್ಟು ವರ್ಷ ಸಂಸಾರ ಮಾಡಿ ಕೊನೆಗೆ ತೌರು ಸೇರ್ಕೊಂಡ್ಳು ನೋಡಿ,” ಎಂದಳು ಪಕ್ಕದ ಮನೆಯಾಕೆ. “ಯಜಮಾನ್ರು ಗೊರಕೆ ಹೊಡೀತಿದ್ರಲ್ಲ, ಅದಕ್ಕಿರಬೇಕು.”

ಯಾರೋ ನಕ್ಕು, ಅದನ್ನು ಕೆಮ್ಮಾಗಿಸಿದರು.

* * *

ಗುರುವಾರ ಬಿಸಿಲೂ ಇರಲಿಲ್ಲ, ಚಳಿಯೂ ಇರಲಿಲ್ಲ. ಅಕ್ಕತಂಗಿ ನಡೆದೇ ಪೇಟೆ ಸುತ್ತಿದರು. ತಂಗಿ ಚಪ್ಪಲಿ ಅಂಗಡಿಯಲ್ಲಿ ಆರು ಜೊತೆ ಹಾಕಿ ತೆಗೆಯುವಷ್ಟರಲ್ಲಿ ಅಕ್ಕ ಮಾಯವಾಗಿ, ಅರ್ಧ ಗಂಟೆಯ ಮೇಲೆ ಬಂದಳು.

“ಎಲ್ಲಿಗೆ ಹೋಗಿದ್ದೆ?”

“ಕೆಲಸ ಇತ್ತು. ನಿನ್ನ ಕಾಲಿಗೆ ದೇವರೇ ಬಂದು ಚಪ್ಪಲಿ ಹೊಲೀಬೇಕು, ನಡಿ, ಹಸಿವು.”

ಹೋಟೆಲಿನಲ್ಲಿ ತಟ್ಟೆಗಳ ಸದ್ದು. ಸೂಪಿಗೆ ಉಪ್ಪು ಉದುರಿಸುತ್ತ ಅಕ್ಕ ಹೇಳಿದಳು: “ಗುಂಡಿ ಗೊತ್ತು ಮಾಡ್ಬಿಟ್ಟೆ ಕಣೇ. ಅಮ್ಮನದರ ಜೊತೆಗೇ ಸರಿಹೋಗುತ್ತೆ. ನಿಮ್ಮ ಭಾವನದರ ಜೊತೆ ಹೊಂದಲ್ಲ. ಅಂತೂ ನಿಶ್ಚಿಂತೆ ಆಯ್ತು.”

ತಂಗಿ ಚಮಚ ಕೆಳಗಿಟ್ಟಳು. ಯಾಕೆ, ಮೈಗೆ ಹುಷಾರಿಲ್ವಾ ಎಂದು ಕೇಳಬೇಕಿತ್ತು. ಉತ್ತರಕ್ಕೆ ಹೆದರಿ, “ಆ ಕಂದು ಚಪ್ಪಲಿನೇ ತಗೊಳ್ಲಾ?” ಎಂದಳು.

* * *

ಶವಪೆಟ್ಟಿಗೆ ಎತ್ತುವ ಹೊತ್ತಿಗೆ ಪೇಟೆಯಿಂದ ಹೊಲಿಗೆ ಸಾಮಾನಿನ ಅಂಗಡಿಯವನು ಬಂದ. ತಂಗಿಯ ಮುಂದೆ ಅಂಗೈ ಬಿಚ್ಚಿದ. ಕೋಟಿನ ಕಪ್ಪು ಗುಂಡಿ, ಒಂದೇ ಒಂದು.

“ಗುರುವಾರ ಬಂದಿದ್ರು. ಅವರಮ್ಮನ ಹಳೇ ಕೋಟಿಗೆ ಹೊಂದೋ ಗುಂಡಿ ಸಿಕ್ತು, ಯಜಮಾನ್ರ ಕೋಟಿಗೆ ಸಿಗಲಿಲ್ಲ. ಹುಡುಕಿಡ್ತೀನಿ ಅಂದಿದ್ದೆ. ಇವತ್ತು ಬೆಳಿಗ್ಗೆ ಸಿಕ್ತು ನೋಡಿ.”

ತಂಗಿ ಗುಂಡಿಯನ್ನು ಕಿತ್ತುಕೊಂಡು ಹೊರಗೋಡಿದಳು. ಅಷ್ಟರಲ್ಲಿ ಪೆಟ್ಟಿಗೆ ಬೀದಿಗಿಳಿದಿತ್ತು. ಸ್ಮಶಾನದ ಗೇಟಿನ ಹತ್ತಿರ ಅಕ್ಕನ ಮಗನ ತೋಳು ಹಿಡಿದು ಜಗ್ಗಿದಳು.

“ಗುಂಡಿ ಕಣೋ ಅದು!”

“ಯಾವುದು?”

“ಕೋಟಿಗೆ ಹಾಕೋ ಗುಂಡಿ. ತೋಡೋದಲ್ಲ. ನಾನು ತಪ್ಪು ತಿಳ್ಕೊಂಡೆ.”

“ಹಾಗಾದ್ರೆ ಜಾಗದ ವಿಷಯ ಏನೂ ಅನ್ನಲಿಲ್ವಾ?”

“ಗೊತ್ತಿಲ್ಲಪ್ಪ. ನಿಶ್ಚಿಂತೆ ಆಯ್ತು ಅಂದ್ಲು. ಒಂದು ಕೋಟಿನ ಗುಂಡಿಗೆ ಯಾರಾದ್ರೂ ಹಾಗಂತಾರಾ?”

“ಅಮ್ಮ ಅಂತಿದ್ಲು,” ಎಂದ. ಅಷ್ಟು ಹೇಳಿ ಅವನಿಗೂ ಅನುಮಾನ ಬಂತು.

ದಾರಿ ಕವಲೊಡೆಯುವಲ್ಲಿ ತೋಡುವವನು ಗುದ್ದಲಿ ಊರಿಕೊಂಡು ನಿಂತಿದ್ದ. “ನಿಮ್ಮ ಎರಡನೇ ಫೋನ್ ಬರೋ ಹೊತ್ತಿಗೆ ಮೊದಲನೇದು ಮುಗಿದಿತ್ತು ಸ್ವಾಮಿ. ಎರಡೂ ತೋಡಿದೀನಿ. ಎಡಕ್ಕೆ ಅಜ್ಜಿ, ಬಲಕ್ಕೆ ಅಪ್ಪ. ಯಾವ ಕಡೆ?”

ಮಗ ಚಿಕ್ಕಮ್ಮನ ಊದಿದ ಕಣ್ಣು ನೋಡಿದ. ಅವಳು ಅವನ ಮುಖ ನೋಡಿದಳು.

“ಎಡಕ್ಕೆ,” ಎಂದ ಅವನು.

“ಬಲಕ್ಕೆ,” ಎಂದಳು ಅವಳು.

ಎರಡೂ ಒಟ್ಟಿಗೇ ಬಂದವು. ಮುಂದೆ ಹೊತ್ತಿದ್ದ ಇಬ್ಬರು ಎಡಕ್ಕೆ ಹೊರಳಿದರು, ಹಿಂದಿನ ಇಬ್ಬರು ಬಲಕ್ಕೆ. ಪೆಟ್ಟಿಗೆ ದಾರಿಗೆ ಅಡ್ಡವಾಗಿ ನಿಂತಿತು. ಹಿಂದೆ ಬರುತ್ತಿದ್ದ ಜನ ಏನಾಯಿತೆಂದು ತಿಳಿಯದೆ, ಪೇಟೆಯಲ್ಲಿ ರಸ್ತೆ ದಾಟುವವರ ಹಾಗೆ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಕತ್ತು ತಿರುಗಿಸುತ್ತ ನಿಂತರು.