ಬೆನ್ನಿನ ಮಣ್ಣು

“ಇದೇನ್ರೀ ಅಕ್ಕಾರ, ಕೋಳಿಗೂಡು ಕಟ್ಟ್ಯಾರಲ್ಲ?”

ಮುದಕಪ್ಪ ಕೇಳಿದ ಧಾಟಿಗೆ ಅಶ್ವತ್ಥಮ್ಮನಿಗೆ ನಗು ತಡೆಯಲಾಗಲಿಲ್ಲ. ವೈಟ್‌ಫೀಲ್ಡಿನ ಆ ಕಲ್ಯಾಣಮಂಟಪದಲ್ಲಿ ಹಿಂದಿನ ದಿನ ಯಾರದೋ ಮದುವೆ ಮುಗಿದಿತ್ತು. ಕಂಬಕ್ಕೆ ಸುತ್ತಿದ ಚೆಂಡುಹೂ ಹಾಗೇ ಇತ್ತು. ಗಂಡು ಹೆಣ್ಣು ಕೂತಿದ್ದ ಜಾಗದಲ್ಲಿ ಈಗ ಎಂಟು ಮೂಲೆಯ ಕಬ್ಬಿಣದ ಜಾಲರಿ ಎದ್ದಿತ್ತು.

“ಅದರೊಳ್ಗೇ ನಿಮ್ಮಗ ಆಡೋದು. ಸುಮ್ಕೆ ಕೂತ್ಕಳಿ.”

ಮುದಕಪ್ಪ ಕೂತ. ಆದರೆ ಕುರ್ಚಿಗೆ ಒರಗಲಿಲ್ಲ. ಅವನು ಎಲ್ಲಿಯೂ ಒರಗುವವನಲ್ಲ. ಬಾಗಲಕೋಟೆ ಸೀಮೆಯಲ್ಲಿ ಒಂದು ಕಾಲಕ್ಕೆ ಹೆಸರಾದ ಪೈಲ್ವಾನ, ಊರ ಗರಡಿಮನೆಯ ವಸ್ತಾದ. ಕಲಿಯುವ ಹುಡುಗರೆಲ್ಲ ಗೋವಾ, ಬೆಂಗಳೂರು ಅಂತ ದುಡಿಯಲು ಹೋಗಿ ಗರಡಿ ಬರಿದಾದ ಮೇಲೆ, ಮಗ ಬಸಲಿಂಗನ ಜೊತೆ ತಾನೂ ಬಂದು ಕುಂದಲಹಳ್ಳಿಯಲ್ಲಿ ಅಶ್ವತ್ಥಮ್ಮನ ಬಾಡಿಗೆ ಕೋಣೆ ಹಿಡಿದಿದ್ದ. ಈಗ ಏಳುತ್ತಿರುವ ಅಪಾರ್ಟ್‌ಮೆಂಟೊಂದರ ಕಾವಲುಗಾರ. ಮಗ ಅದೇ ಕಟ್ಟಡಕ್ಕೆ ಸಿಮೆಂಟು ಹೊರುತ್ತಿದ್ದ.

ಹೊರುತ್ತಿದ್ದವನನ್ನು ಕಂಡವನು ಅಶ್ವತ್ಥಮ್ಮನ ಮಗ ದೀಪು. ಅಜ್ಜನ ಕಾಲದ ಎಮ್ಮೆ ಕೊಟ್ಟಿಗೆಗೆ ಶೀಟು ಹೊದಿಸಿ ಜಿಮ್ ಮಾಡಿಕೊಂಡಿದ್ದ ಈ ಆಸಾಮಿಗೆ, ಈಚೆಗೆ ಟಿವಿಯಲ್ಲಿ ಬರುತ್ತಿದ್ದ ಎಂ.ಎಂ.ಎ. ಎಂಬ ಆಟದ ಹುಚ್ಚು. ಗುದ್ದಬಹುದು, ಒದೆಯಬಹುದು, ಕುಸ್ತಿಯೂ ಆಡಬಹುದು. ಚೀಲ ಹೊತ್ತು ಮೆಟ್ಟಿಲು ಓಡುತ್ತಿದ್ದ ಬಸಲಿಂಗನನ್ನು ಅಡ್ಡಗಟ್ಟಿ, “ಮಗಾ, ಸಾಯಂಕಾಲ ಕೊಟ್ಟಿಗೆಗೆ ಬಾ” ಎಂದಿದ್ದ.

ಮೊದಲ ಪಂದ್ಯ ಇಬ್ಬರ ಮಾನವನ್ನೂ ಕಳೆಯಿತು. ಎದುರಾಳಿ ಬಸಲಿಂಗನನ್ನು ಎತ್ತಿ ಕೆಡವಿದ. ಬೆನ್ನು ನೆಲಕ್ಕೆ ತಾಗಿದ್ದೇ ತಡ ಬಸಲಿಂಗ ಹಿಡಿತ ಬಿಟ್ಟು, ಎದ್ದು ನಿಂತು, ಗೆದ್ದವನಿಗೆ ಕೈ ಕೊಡಲು ಹೋದ. ಗರಡಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿದರೆ ಚಿತ್, ಚಿತ್ ಆದರೆ ಆಟ ಮುಗಿಯಿತು. ಇಲ್ಲಿ ಮುಗಿದಿರಲಿಲ್ಲ. ಚಾಚಿದ ಕೈ ಚಾಚಿದಂತೇ ಇರಲು ದವಡೆಗೆ ಗುದ್ದು ಬಿತ್ತು.

“ಬಿದ್ರೆ ಸೋತಂಗಲ್ಲ ಕಣೋ, ಬಿದ್ದಲ್ಲಿಂದ್ಲೇ ಶುರು!” ದೀಪು ತಲೆ ತಲೆ ಚಚ್ಚಿಕೊಂಡ. ಆಮೇಲೆ ವರ್ಷವಿಡೀ ಅವನನ್ನು ಅಂಗಾತ ಮಲಗಿಸಿಯೇ ಕಲಿಸಿದ. ಅಂಗಾತ ಮಲಗಿ ಎದುರಾಳಿಯ ಕುತ್ತಿಗೆಯನ್ನೂ ಒಂದು ತೋಳನ್ನೂ ಎರಡು ಕಾಲಿನ ನಡುವೆ ಸಿಕ್ಕಿಸಿ ಬಿಗಿಯುವುದೇ ಬಸಲಿಂಗನ ದೊಡ್ಡ ಪಟ್ಟಾಯಿತು. ಹುಬ್ಬಳ್ಳಿ, ಮುಂಬೈ, ದೆಹಲಿ, ಎಲ್ಲ ಕಡೆ ಗೆದ್ದ. ಹೋದ ವರ್ಷ ಸೊಂಟಕ್ಕೆ ಕಟ್ಟುವ ಚಾಂಪಿಯನ್ ಪಟ್ಟಿಯೂ ಬಂತು. ಅದು ಕೋಣೆಯಲ್ಲಿ ಜೋಳದ ಚೀಲದ ಮೇಲಿನ ಮೊಳೆಗೆ ನೇತುಬಿದ್ದಿದೆ.

ಇಷ್ಟಾದರೂ ಅಪ್ಪ ಒಂದು ಪಂದ್ಯಕ್ಕೂ ಬಂದವನಲ್ಲ. ಮಗ ಮನೆಗೆ ಬಂದ ಕೂಡಲೇ ಕೇಳುವುದು ಒಂದೇ ಮಾತು.

“ಬೆನ್ನು?”

“ಹತ್ತಿಲ್ಲ ಯಪ್ಪಾ.”

“ಹಾಂ. ಅಷ್ಟ ಸಾಕು.” ಗೆದ್ದೆಯೋ ಸೋತೆಯೋ ಎಂದು ಕೂಡ ಕೇಳುತ್ತಿರಲಿಲ್ಲ. ರೊಟ್ಟಿ ಮುರಿದು ಮಗನ ತಾಟಿಗೆ ಹಾಕುತ್ತಿದ್ದ. ಆ ರೊಟ್ಟಿಯನ್ನು ಬಸಲಿಂಗ ಅಪ್ಪನ ಮುಖ ನೋಡದೆ ತಿನ್ನುತ್ತಿದ್ದ. ಪ್ರತಿ ಗೆಲುವಿಗೂ ಒಂದು ಸುಳ್ಳು.

ಆ ಸುಳ್ಳನ್ನು ನಂಬಿದವನು ಈ ಭಾನುವಾರದ ಮಧ್ಯಾಹ್ನ ಮೂರನೇ ಸಾಲಿನಲ್ಲಿ ಕೆಂಪು ರುಮಾಲು ಸುತ್ತಿಕೊಂಡು ಕೂತಿದ್ದ. ಪಟ್ಟಿ ಉಳಿಸಿಕೊಳ್ಳುವ ಪಂದ್ಯ ಊರಲ್ಲೇ ಇದೆಯೆಂದು ಅಶ್ವತ್ಥಮ್ಮ ಹಟ ಹಿಡಿದು ಮುದುಕನನ್ನು ಎಳೆತಂದಿದ್ದಳು, ಪಾಪ, ಒಳ್ಳೆಯದಕ್ಕೇ. ಎದುರಾಳಿ ಹರಿಯಾಣದವನು, ಎತ್ತಿ ಕೆಡವುವುದರಲ್ಲಿ ನಿಸ್ಸೀಮ.

ಗಂಟೆ ಹೊಡೆಯಿತು. ಮೊದಲ ಸುತ್ತಿನಲ್ಲಿ ಬಸಲಿಂಗ ಆಡಿದ್ದು ಆಟವೇ ಅಲ್ಲ. ಹರಿಯಾಣದವನು ಕಾಲಿಗೆ ಬಂದಾಗಲೆಲ್ಲ ಜಾಲರಿಗೆ ಆತುಕೊಂಡ, ಕೊಸರಿಕೊಂಡ, ಓಡಿದ. ಬೀಳಬಾರದೆಂಬ ಒಂದೇ ಚಿಂತೆ. ಅಷ್ಟರಲ್ಲಿ ಗುದ್ದು ತಿಂದು ಹುಬ್ಬು ಒಡೆದಿತ್ತು.

“ಏನೋ ಗುರು ಓಡ್ತಾ ಇದೀಯಾ?” ಸುತ್ತು ಮುಗಿದಾಗ ದೀಪು ರಕ್ತ ಒರೆಸುತ್ತ ಬೈದ. “ಬಿದ್ದು ಹಿಡಿಯೋ. ನಿನ್ನ ಆಟ ಇರೋದೇ ಅಲ್ಲಿ.”

“ಯಪ್ಪ ಕುಂತಾನ.”

“ಕೂತ್ಕೊಳ್ಲಿ ಬಿಡು.”

“ನಿನಗ ಗೊತ್ತಾಗೂದಿಲ್ಲೋ.”

“ಗೊತ್ತಾಗಲ್ಲ, ನಿಜ. ಆದ್ರೆ ಇನ್ನೊಂದು ಸುತ್ತು ಹಿಂಗೇ ಓಡಿದ್ರೆ, ನಿಂತ್ಕೊಂಡೇ ಸೋಲ್ತೀಯ.”

ಎರಡನೇ ಸುತ್ತಿನಲ್ಲಿ ಹರಿಯಾಣದವನು ಸೊಂಟಕ್ಕೆ ಕೈಹಾಕಿ ಎತ್ತಿದ. ಬಸಲಿಂಗ ಈ ಸಲ ಜಾಲರಿ ಹುಡುಕಲಿಲ್ಲ. ಬೆನ್ನು ದಪ್ ಎಂದು ನೆಲಕ್ಕೆ ಬಿತ್ತು.

“ಚಿತ್,” ಎಂದ ಮುದಕಪ್ಪ. ಯಾರಿಗೂ ಅಲ್ಲ, ತನಗೇ. ಎದ್ದು ನಿಂತ.

“ಎಲ್ಲಿಗ್ ಓಯ್ತೀರಿ? ಇನ್ನೂ ಮುಗ್ದಿಲ್ಲ ಕಣ್ರೀ.”

“ಮುಗೀತ್ರೀ ಅಕ್ಕಾರ.”

ಅಂಗಾತ ಬಿದ್ದಿದ್ದ ಬಸಲಿಂಗ ಜಾಲರಿಯಾಚೆ ಆ ಕೆಂಪು ರುಮಾಲು ನಡೆದುಹೋಗುವುದನ್ನು ಕಂಡ. ಅದು ಬಾಗಿಲ ಕಡೆ ಹೋಗುತ್ತಿರಲಿಲ್ಲ, ಎದುರಾಳಿಯ ಕಡೆಯವರು ನಿಂತ ಮೂಲೆಗೆ ಹೋಗುತ್ತಿತ್ತು. ಅದರ ಅರ್ಥ ಅವನೊಬ್ಬನಿಗೇ ಗೊತ್ತು. ಶಿಷ್ಯ ಚಿತ್ ಆದರೆ ವಸ್ತಾದನೇ ಹೋಗಿ ಗೆದ್ದ ಕಡೆಯ ವಸ್ತಾದನ ಕೈ ಹಿಡಿದು ಸೋಲೊಪ್ಪಬೇಕು, ಅದು ಗರಡಿಯ ಮರ್ಯಾದೆ. ಬಸಲಿಂಗನ ಮೈ ತಾನಾಗಿ ಸಡಿಲಾಗತೊಡಗಿತು. ಅಪ್ಪ ಸೋಲೊಪ್ಪಿದ ಮೇಲೆ ಮಗ ಆಡುವುದೇ?

ಮೇಲಿನವನು ಗುದ್ದಲು ತೋಳು ಒಳಗೆ ತಂದ. ಬಸಲಿಂಗ ಕಣ್ಣು ಮುಚ್ಚಿ, “ತಪ್ಪಾತು ಯಪ್ಪಾ” ಎಂದುಕೊಂಡು ಕಾಲು ಎತ್ತಿದ.

ಜಾಲರಿಯ ಹೊರಗೆ ಮುದಕಪ್ಪ ಹರಿಯಾಣದ ಕೋಚ್‌ನ ಎರಡೂ ಕೈ ಹಿಡಿದುಕೊಂಡಿದ್ದ. “ನಿಮ್ಮ ಹುಡುಗ ಚಲೋ ಆಡಿದ್ರೀ. ಸೊಂಟಾ ಹಿಡಿದು ಎತ್ತೂ ಡಾವ ಭಾಳ ಬರೋಬ್ಬರಿ ಹಾಕಿದ.” ಕನ್ನಡದ ಒಂದಕ್ಷರ ತಿಳಿಯದ ಆ ಮನುಷ್ಯ ಕೈ ಬಿಡಿಸಿಕೊಳ್ಳಲು ಒದ್ದಾಡುತ್ತ, ಮುದುಕನ ಹೆಗಲ ಮೇಲಿಂದ ಇಣುಕಿ ತನ್ನ ಹುಡುಗನಿಗೆ ಏನೋ ಕೂಗುತ್ತಿದ್ದ. ಇದ್ದಕ್ಕಿದ್ದಂತೆ ಅವನ ಕೂಗು ನಿಂತಿತು, ಮುಖ ಇಳಿಯಿತು. ಇಡೀ ಮಂಟಪ ಬೊಬ್ಬೆ ಹೊಡೆಯಿತು. ಮುದಕಪ್ಪ ಹಿಂತಿರುಗಿ ನೋಡಿದಾಗ ಎಲ್ಲ ಆಗಿಹೋಗಿತ್ತು. ಕುತ್ತಿಗೆ ಸಿಕ್ಕಿಬಿದ್ದ ಹರಿಯಾಣದವನು ಬಸಲಿಂಗನ ಕಾಲು ತಟ್ಟಿ ಸೋಲೊಪ್ಪಿದ್ದ. ದೀಪು ಬಸಲಿಂಗನನ್ನು ಎತ್ತಿಕೊಂಡು ಕುಣಿಯುತ್ತಿದ್ದ.

ವಾಪಸ್ಸು ಬರುವಾಗ ವ್ಯಾನಿನಲ್ಲಿ ಅಶ್ವತ್ಥಮ್ಮನದೇ ಮಾತು. “ಮಗ ಗೆದ್ದವ್ನೆ, ಅಪ್ಪ ಓಗಿ ಸೋತೆ ಅಂತವ್ನೆ! ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರೆ, ನಿಮ್ದು ತಿರುಗಾ ಮುರುಗಾ ಆಯ್ತಲ್ಲ ಮುದಕಪ್ಪನೋರೆ.” ಮುದಕಪ್ಪ ನಗಲಿಲ್ಲ. ಮನೆಗೆ ಬಂದು ರೊಟ್ಟಿ ಮುರಿದು ಮಗನ ತಾಟಿಗೆ ಹಾಕಿದ. ಅವತ್ತು ಮಾತ್ರ ಬೆನ್ನಿನ ಮಾತು ಕೇಳಲಿಲ್ಲ. ಕೇಳಿ ಬೈದಿದ್ದರೂ ಚೆನ್ನಾಗಿತ್ತು ಎನಿಸಿತು ಬಸಲಿಂಗನಿಗೆ.

ಬೆಳಿಗ್ಗೆ ಎದ್ದಾಗ ಅಪ್ಪನ ಚಾಪೆ ಖಾಲಿ ಇತ್ತು. ಬಸಲಿಂಗ ತಾರಸಿಗೆ ಹೋಗಿ ನೋಡಿದ. ಅಶ್ವತ್ಥಮ್ಮ ಮೇಲೊಂದು ಅಂತಸ್ತು ಕಟ್ಟಿಸುತ್ತಿದ್ದಳು. ಎಲ್ಲ ಕಡೆ ಮರಳು, ಸಿಮೆಂಟಿನ ಪುಡಿ. ನಡುವೆ ಮುದಕಪ್ಪ ಕಾವಲುಗಾರನ ನೀಲಿ ಅಂಗಿ ಹಾಕಿಕೊಂಡು ಡ್ಯೂಟಿಗೆ ತಯಾರಾಗಿ ನಿಂತಿದ್ದ.

“ಎಷ್ಟ ಸಲ ಸುಳ್ಳ ಹೇಳಿದಿ?”

“ಎಲ್ಲಾ ಸಲ, ಯಪ್ಪಾ.”

ಮುದಕಪ್ಪ ಮಗನ ಒಡೆದ ಹುಬ್ಬನ್ನೇ ನೋಡಿದ. “ನಿನ್ನಿ ನೀ ಹಾಕಿದ ಡಾವ ನಾ ನೋಡಲಿಲ್ಲ. ನನ್ನ ಬೆನ್ನ ಹಿಂದ ಆಗಿಹೋತು. ತೋರಸು.”

ಹಾಗೆಂದು ಒಂದು ಕೈ ನೆಲಕ್ಕೂರಿ ಕೂತ. ಕೂತವನು ಅಲ್ಲೇ ತಡೆದ. ಅವನ ಬೆನ್ನು ನೆಲಕ್ಕೆ ತಾಗಿದ್ದನ್ನು ಬಾಗಲಕೋಟೆಯಲ್ಲಿ ನೋಡಿದವರಿಲ್ಲ. ಮಲಗುವಾಗಲೂ ಮಗ್ಗುಲಾಗಿಯೇ ಮಲಗುವ ಪ್ರಾಣಿ. ಆಮೇಲೆ ಮೆಲ್ಲಗೆ, ಒಂದೊಂದೇ ಎಲುಬು ಇಳಿಸುವವನ ಹಾಗೆ, ಅಂಗಾತ ಮಲಗಿದ.

“ಕಣ್ಣಾಗ ನೀರ ಯಾಕ ತರ್ತಿ? ಬಾ, ಮ್ಯಾಲ ಬಾ.”

ಬಸಲಿಂಗ ಅಪ್ಪನ ಮೇಲೆ ಬಗ್ಗಿ, ಅವನ ಕಾಲನ್ನು ತನ್ನ ಕುತ್ತಿಗೆಗೆ ತಂದುಕೊಂಡು, ಇನ್ನೊಂದು ಕಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಟ್ಟ. “ಈಗ ಸೊಂಟ ಎತ್ತಿ ಬಿಗೀಬೇಕು.” ಹಳೆಯ ಮೈ, ಹೇಳಿದ್ದೇ ತಡ ಬಿಗಿಯಿತು. ಬಸಲಿಂಗನಿಗೆ ಉಸಿರು ಕಟ್ಟಿತು. ಅಪ್ಪನ ತೊಡೆ ತಟ್ಟಿದ. ಮತ್ತೂ ಬಿಗಿಯಿತು.

“ಬಿಡೋ ಯಪ್ಪಾ, ಸೋತೆ!”

“ಹಂಗಂತ ಬಾಯಿಲೆ ಹೇಳು. ತೊಡಿ ಯಾಕ ಬಡೀತಿ?” ಕಾಲು ಸಡಿಲಿಸಿದ ಮುದಕಪ್ಪ ಆಕಾಶ ನೋಡುತ್ತ ಹಾಗೇ ಮಲಗಿದ್ದ. “ಚಲೋ ಡಾವ ಐತಿ ಬಿಡಲೇ. ಕೆಳಗ ಬಿದ್ದವಗ ಇಷ್ಟ ಜಾಗಾ ಇರ್ತೈತಿ ಅಂತ ನನಗ ಯಾರೂ ಹೇಳಿರಲಿಲ್ಲ.”

ಎದ್ದು ನಿಂತಾಗ ನೀಲಿ ಅಂಗಿಯ ಬೆನ್ನಿನ ತುಂಬ ಸಿಮೆಂಟು. ಬಸಲಿಂಗ ಗಾಬರಿಯಿಂದ ಅಂಗೈಯಲ್ಲಿ ಒರೆಸಲು ಹೋದ. ಮುದಕಪ್ಪ ಅವನ ಕೈ ಹಿಡಿದು ಕೆಳಗಿಳಿಸಿದ.

“ಇರಲಿ ಬಿಡು.”

ಮುದಕಪ್ಪ ಮೆಟ್ಟಿಲಿಳಿದು ಬಂದಾಗ ಬಾಗಿಲಲ್ಲಿ ನೀರು ಹಾಕುತ್ತಿದ್ದ ಅಶ್ವತ್ಥಮ್ಮ ತಿರುಗಿ ನೋಡಿದಳು. “ಇದೇನ್ ಮುದಕಪ್ಪನೋರೆ, ಬೆನ್ನೆಲ್ಲಾ ಮಣ್ಣು?”

“ಹೌದ್ರೀ. ಮೀಸಿ ನೋಡ್ರಿ ಅಕ್ಕಾರ, ಮೀಸಿಗೆ ಹತ್ತಿಲ್ಲ.”

ಓಣಿಯಲ್ಲಿ ಆಫೀಸಿನ ಕ್ಯಾಬುಗಳು ಸಾಲುಗಟ್ಟಿ ನಿಂತಿದ್ದವು. ಬಸಲಿಂಗ ತಾರಸಿಯ ಅಂಚಿಗೆ ಬಂದು ನೋಡಿದ. ಕ್ಯಾಬುಗಳ ಸಂದಿಯಲ್ಲಿ, ಎಲ್ಲರ ಎದುರಿಗೆ, ಆ ಬೆಳ್ಳಗಿನ ಬೆನ್ನು ನಿಧಾನವಾಗಿ ದಾಟಿಕೊಂಡು ಹೋಗುತ್ತಿತ್ತು.